ಸಿವಿಲ್ ಎಂಜಿನಿಯರಿಂಗ್: ಸೀಟು ಹಿಡಿಯುವುದರಿಂದ ಸೈಟು ನಡೆಸುವವರೆಗೆ

ಪಿಯುಸಿ ಮುಗಿಸಿ ಸಿವಿಲ್ ತಗೊಳ್ಳೋದೋ ಬೇಡವೋ ಎಂದು ಯೋಚಿಸುತ್ತಿರುವವರಿಗೂ, ಆಗಲೇ ಮೂರನೇ ನಾಲ್ಕನೇ ಸೆಮಿಸ್ಟರ್‌ನಲ್ಲಿದ್ದು ಮುಂದೇನು ಎಂದು ತಿಳಿಯದೆ ಕೂತವರಿಗೂ ಈ ಬರಹ. ಸಿವಿಲ್‌ನಲ್ಲಿ ಮೊದಲ ಸಂಬಳ ಸಾಫ್ಟ್‌ವೇರ್‌ನವರಿಗಿಂತ ಕಡಿಮೆ, ಏರುವುದೂ ನಿಧಾನ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಡ್ರಾಯಿಂಗ್ ಓದಲು, ಲೆವೆಲ್ ತೆಗೆಯಲು (ನೆಲದ ಮಟ್ಟ ಅಳೆಯಲು), ಕ್ವಾಂಟಿಟಿ ಹಾಕಲು (ಕೆಲಸ-ಸಾಮಗ್ರಿಯ ಪ್ರಮಾಣ ಲೆಕ್ಕ ಹಾಕಲು), ಕೋಡ್ (ಕಟ್ಟುವ ನಿಯಮಗಳ ಪುಸ್ತಕ) ತೆರೆದು ಉತ್ತರ ಹುಡುಕಲು ಬರುವವರು ಕೆಲಸವಿಲ್ಲದೆ ಬಹಳ ದಿನ ಕೂರುವುದಿಲ್ಲ. ಡಿಗ್ರಿ ಕೈಯಲ್ಲಿದ್ದೂ ಈ ನಾಲ್ಕರಲ್ಲಿ ಒಂದೂ ಬಾರದವರೇ ಕಷ್ಟಪಡುವುದು.

ಸೀಟು ಮತ್ತು ಕಾಲೇಜು

ಕರ್ನಾಟಕದಲ್ಲಿ ಬಿಇ ಸೀಟಿಗೆ ಮುಖ್ಯ ದಾರಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ. ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಇನ್ನರ್ಧ. ಕೋಚಿಂಗ್ ಹಿಂದೆ ಬಿದ್ದು ಬೋರ್ಡ್ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಂಡವರ ರ‍್ಯಾಂಕ್ ಜಾರುವುದು ಇಲ್ಲೇ. ಖಾಸಗಿ ಕಾಲೇಜುಗಳ ಒಂದಷ್ಟು ಸೀಟುಗಳಿಗೆ ಕಾಮೆಡ್-ಕೆ, ಸುರತ್ಕಲ್‌ನ ಎನ್‌ಐಟಿಗೆ ಜೆಇಇ ಮೈನ್, ಐಐಟಿಗಳಿಗೆ ಜೆಇಇ ಅಡ್ವಾನ್ಸ್ಡ್ ಬರೆಯಬೇಕು.

1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಪ್ರತ್ಯೇಕ ಮೀಸಲಾತಿ ಇದೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿಯ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯೂ ಬೇಕು. ಕಲ್ಯಾಣ ಕರ್ನಾಟಕದವರು ಆ ಭಾಗದವರ ಮೀಸಲಾತಿಗೆ ಬೇಕಾದ 371ಜೆ ಅರ್ಹತಾ ಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಇವನ್ನು ಅರ್ಜಿ ತುಂಬುವಾಗಲೇ ನಮೂದಿಸಿ. ಕೌನ್ಸೆಲಿಂಗ್ ಹೊತ್ತಿಗೆ ನೆನಪಾದರೆ ತಡವಾಗಿರುತ್ತದೆ. ಕುಟುಂಬದ ವರಮಾನ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ವಿನಾಯಿತಿಯ ಸೂಪರ್ ನ್ಯೂಮರರಿ ಸೀಟುಗಳನ್ನೂ ನೋಡಿ.

ಎಸ್ಸೆಸ್ಸೆಲ್ಸಿ ಆದಮೇಲೆ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರುವ ದಾರಿಯನ್ನು ನಮ್ಮಲ್ಲಿ ಕೀಳಾಗಿ ಕಾಣುತ್ತಾರೆ. ಅದು ತಪ್ಪು. ಪಾಲಿಟೆಕ್ನಿಕ್‌ನಿಂದ ಬಂದವರಿಗೆ ಡ್ರಾಯಿಂಗ್, ಸರ್ವೆ, ಎಸ್ಟಿಮೇಟ್ ಆಗಲೇ ಕೈಹಿಡಿದಿರುತ್ತವೆ. ಮೇಲಾಗಿ, ಜೂನಿಯರ್ ಎಂಜಿನಿಯರ್ ಹುದ್ದೆಗಳಿಗೆ ಅವರು ಡಿಪ್ಲೊಮಾ ಮೇಲೆಯೇ ಅರ್ಜಿ ಹಾಕಬಹುದು. ಅವರು ಮುಗ್ಗರಿಸುವುದು ಗಣಿತದಲ್ಲಿ. ಸೇರುವ ಮೊದಲಿನ ರಜೆಯಲ್ಲಿ ಕ್ಯಾಲ್ಕುಲಸ್ ಮತ್ತು ಡಿಫರೆನ್ಷಿಯಲ್ ಈಕ್ವೇಶನ್ ಮುಗಿಸಿಕೊಂಡರೆ ಆ ಕಂದಕ ತುಂಬುತ್ತದೆ.

ಕಾಲೇಜು ಆರಿಸುವಾಗ ಮುಂದಿನ ಕಟ್ಟಡದ ಗಾಜು ನೋಡಬೇಡಿ, ಹಿಂದಿನ ಲ್ಯಾಬ್ ನೋಡಿ. ಕಾಂಕ್ರೀಟ್ ಲ್ಯಾಬಿನ ಕಂಪ್ರೆಷನ್ ಮಷಿನ್ (ಕಾಂಕ್ರೀಟನ್ನು ಒತ್ತಿ ಬಲ ಅಳೆಯುವ ಯಂತ್ರ) ಮೇಲೆ ಅಳತೆ ಸರಿಯಿದೆ ಎಂದು ತಪಾಸಿಸಿದ ಕ್ಯಾಲಿಬ್ರೇಷನ್ ಸ್ಟಿಕ್ಕರ್ ಇದೆಯೇ, ಯಾವ ವರ್ಷದ್ದು? ಒಂದು ಬ್ಯಾಚಿಗೆ ಎಷ್ಟು ಆಟೊ ಲೆವೆಲ್ (ಮಟ್ಟ ಅಳೆಯುವ ಉಪಕರಣ), ಎಷ್ಟು ಟೋಟಲ್ ಸ್ಟೇಷನ್ (ದೂರ, ಕೋನ ಅಳೆಯುವ ಉಪಕರಣ)? ಸರ್ವೆ ಕ್ಯಾಂಪಿಗೆ ನಿಜವಾಗಿ ಹೊರಗೆ ಹೋಗುತ್ತಾರೋ, ಹಳೆಯ ರೆಕಾರ್ಡ್ ನಕಲು ಮಾಡಿಸುತ್ತಾರೋ? ಸೀನಿಯರ್‌ಗಳನ್ನು ಕೇಳಿದರೆ ಹೇಳುತ್ತಾರೆ. ಬೆಂಗಳೂರಿನ ಯುವಿಸಿಇ (1917), ಮೈಸೂರಿನ ಎನ್‌ಐಇ (1946), ದಾವಣಗೆರೆಯ ಬಿಡಿಟಿ (1951), ಕಲಬುರಗಿಯ ಪಿಡಿಎ (1958), ಹಾಸನದ ಮಲೆನಾಡು (1960) ಇಂಥ ಹಳೆಯ ಕಾಲೇಜುಗಳಿಗೆ ಇನ್ನೊಂದು ಅನುಕೂಲವಿದೆ: ಇಲಾಖೆಗಳಲ್ಲಿ, ಕನ್ಸಲ್ಟೆನ್ಸಿಗಳಲ್ಲಿ ಅಲ್ಲಿ ಓದಿದವರು ತುಂಬಾ ಜನ ಇರುತ್ತಾರೆ. ಇಂಟರ್ನ್‌ಶಿಪ್ ಕೇಳಲು ಹೋದಾಗ ಆ ಪರಿಚಯ ಬಾಗಿಲು ತೆರೆಸುತ್ತದೆ. ಮುಂದೆ ವಿದೇಶದ ಯೋಚನೆ ಇದ್ದರೆ ಆ ಕಾಲೇಜಿನ ಸಿವಿಲ್ ವಿಭಾಗಕ್ಕೆ ತಾಂತ್ರಿಕ ಕೋರ್ಸುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಬಿಎಯ ಟಯರ್-1 ಮಾನ್ಯತೆ ಇದೆಯೇ ಎಂದು ನೋಡಿ. ಭಾರತ 2014ರಲ್ಲಿ ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪುವ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯ ರಾಷ್ಟ್ರವಾಯಿತು, ಆದರೆ ಆ ಒಪ್ಪಂದದ ಲಾಭ ಸಿಗುವುದು ಟಯರ್-1 ಕೋರ್ಸುಗಳಿಗೆ ಮಾತ್ರ.

ಮೊದಲ ಎರಡು ವರ್ಷ: ಎರಡೇ ವಿಷಯ ಬಿಡಬೇಡಿ

ಒಂದು, ಮೆಕ್ಯಾನಿಕ್ಸ್‌ನಿಂದ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ವರೆಗಿನ ಸಾಲು. ಬೀಮಿಗೆ ಲೋಡ್ ಕೊಟ್ಟ ಕೂಡಲೇ ಅದು ಹೇಗೆ ಬಾಗುತ್ತದೆ, ಮೇಲ್ಭಾಗ ಎಳೆಯುತ್ತದೋ ಕೆಳಭಾಗವೋ ಎಂಬುದು ಲೆಕ್ಕ ಮಾಡುವ ಮೊದಲೇ ಕಣ್ಣಿಗೆ ಕಟ್ಟಬೇಕು. ದಿನಕ್ಕೆ ಎರಡು ಬೆಂಡಿಂಗ್ ಮೊಮೆಂಟ್ ಡಯಾಗ್ರಾಂ (ಬಾಗಿಸುವ ಬಲ ಬೀಮಿನ ಎಲ್ಲೆಲ್ಲಿ ಎಷ್ಟೆಂದು ತೋರಿಸುವ ಚಿತ್ರ), ಅಳತೆ ಇಲ್ಲದಿದ್ದರೂ ಸರಿ, ಕೈಯಲ್ಲಿ ಬರೆಯಿರಿ. ಇದನ್ನು ಪಾಸಾಗಲು ಮಾತ್ರ ಓದಿದವರು ಮುಂದೆ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) ಡಿಸೈನನ್ನು ಬಾಯಿಪಾಠ ಮಾಡುತ್ತಾರೆ, ಸೈಟಿನಲ್ಲಿ ಬಾಲ್ಕನಿ ಸ್ಲ್ಯಾಬಿನಲ್ಲಿ ಮೇಲಿರಬೇಕಾದ ಕಂಬಿ ಕೆಳಭಾಗದಲ್ಲಿದ್ದರೂ ಅವರಿಗೆ ಕಾಣುವುದಿಲ್ಲ.

ಇನ್ನೊಂದು ಸರ್ವೆ. ಇಲ್ಲಿ ಉಪಕರಣವನ್ನು ನಾಲ್ಕು ಜನ ಸುತ್ತುವರಿದು ಒಬ್ಬರೇ ನೋಡುವ ಪದ್ಧತಿ ಇದೆ. ಆ ಒಬ್ಬರು ನೀವಾಗಿ. ಲೆವೆಲಿಂಗ್ ಲೆಕ್ಕ ಸರಳ: ಬೆಂಚ್ ಮಾರ್ಕ್ (ಮಟ್ಟ ಗೊತ್ತಿರುವ ಬಿಂದು) 100.000 ಮೀ, ಅದರ ಮೇಲಿಟ್ಟ ಸ್ಟಾಫಿನ (ಅಳತೆಗೋಲಿನ) ಬ್ಯಾಕ್ ಸೈಟ್, ಅಂದರೆ ಹಿಂದಿನ ಬಿಂದುವಿನ ಅಳತೆ, 1.235 ಮೀ, ಕೂಡಿದರೆ ಉಪಕರಣದ ಎತ್ತರ 101.235. ಮುಂದಿನ ಬಿಂದುವಿನ ಫೋರ್ ಸೈಟ್ 0.890 ಆದರೆ ಅದರ ಮಟ್ಟ 100.345 ಮೀ. ಪುಟದ ಕೊನೆಯಲ್ಲಿ ಬ್ಯಾಕ್ ಸೈಟ್‌ಗಳ ಮೊತ್ತದಿಂದ ಫೋರ್ ಸೈಟ್‌ಗಳ ಮೊತ್ತ ಕಳೆದರೆ, ಕೊನೆಯ ಮಟ್ಟಕ್ಕೂ ಮೊದಲ ಮಟ್ಟಕ್ಕೂ ಇರುವ ವ್ಯತ್ಯಾಸವೇ ಬರಬೇಕು. ಆದರೆ ಈ ತಾಳೆ ಕೂಡಿಸಿ ಕಳೆದದ್ದು ಸರಿಯೋ ಎಂಬುದನ್ನು ಮಾತ್ರ ಹೇಳುತ್ತದೆ. ಸ್ಟಾಫ್ ವಾಲಿದ್ದರೆ, ಟರ್ನಿಂಗ್ ಪಾಯಿಂಟನ್ನು (ಉಪಕರಣದ ಜಾಗ ಬದಲಿಸುವಾಗ ಸ್ಟಾಫ್ ನಿಲ್ಲಿಸುವ ಬಿಂದು) ಸಡಿಲ ಮಣ್ಣಿನ ಮೇಲೆ ಇಟ್ಟಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕಾಗಿಯೇ ಹೊರಟ ಬೆಂಚ್ ಮಾರ್ಕಿಗೆ ಮರಳಿ ಬಂದು ಮುಗಿಸಬೇಕು. ಹಿಂದಿನ ಮುಂದಿನ ಸ್ಟಾಫ್‌ಗಳು ಉಪಕರಣದಿಂದ ಹೆಚ್ಚುಕಡಿಮೆ ಸಮದೂರದಲ್ಲಿರಲಿ; ಉಪಕರಣದಲ್ಲೇ ಕಾಲಿಮೇಷನ್ ದೋಷವಿದ್ದರೂ (ದೃಷ್ಟಿರೇಖೆ ಸಮತಲವಾಗಿಲ್ಲದಿದ್ದರೂ) ಆಗ ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಬಂದು ರದ್ದಾಗುತ್ತದೆ. ಸೈಟಿನಲ್ಲಿ ಯುಜಿಡಿ (ಒಳಚರಂಡಿ) ಪೈಪು ಉಲ್ಟಾ ಇಳಿಜಾರಾಗುವುದಕ್ಕೆ ಹೆಚ್ಚಿನ ಸಲ ಇಂಥ ಸಣ್ಣ ಅಸಡ್ಡೆಯೇ ಕಾರಣ.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳ ಸರ್ವೆ ಪ್ರಾಜೆಕ್ಟಿನಲ್ಲಿ ಹೊಸ ಕೆರೆ, ಹಳೆ ಕೆರೆಯ ಪುನಶ್ಚೇತನ, ರಸ್ತೆ, ಕುಡಿಯುವ ನೀರು, ಬಡಾವಣೆ ಇವೆಲ್ಲ ಬರುತ್ತವೆ. ಇದನ್ನು ಪ್ರವಾಸ ಎಂದುಕೊಳ್ಳಬೇಡಿ. ಕೆರೆ ಏರಿಯ ಉದ್ದಕ್ಕೂ ಲೆವೆಲ್ ತೆಗೆದು, ಕಾಂಟೂರ್ (ಸಮ ಎತ್ತರದ ಗೆರೆ) ಎಳೆದು, ತೂಬಿನ ಮಟ್ಟ ಮತ್ತು ಕೋಡಿಯ ಮಟ್ಟ ಹಾಕಿ ನೀರಿನ ಪ್ರಮಾಣ ಲೆಕ್ಕ ಮಾಡಿದವರು ಸಣ್ಣ ನೀರಾವರಿ ಇಲಾಖೆಯ ಕೆಲಸದ ಅರ್ಧ ಅಲ್ಲೇ ಕಲಿತಿರುತ್ತಾರೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ವರ್ಷ ಇಂಗ್ಲಿಷಿನ ಗೋಡೆ ಅಡ್ಡ ಬರುತ್ತದೆ. ಹೊಸ ಪಾರಿಭಾಷಿಕ ಪದ ಬಂದಾಗ ಅರ್ಥದ ಜೊತೆ ಚಿತ್ರವನ್ನೂ ಬರೆದಿಡುವ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎರಡನೇ ವರ್ಷದ ಹೊತ್ತಿಗೆ ತೊಡಕು ಸಡಿಲವಾಗುತ್ತದೆ. ಮೇಸ್ತ್ರಿ, ಬಾರ್ ಬೆಂಡರ್, ಹಳ್ಳಿಯ ಜನರ ಜೊತೆ ಮಾತಾಡುವಾಗ ನಿಮ್ಮ ಕನ್ನಡವೇ ದೊಡ್ಡ ಬಂಡವಾಳ.

ಕೋಡ್ ಓದುವುದು

ಭಾರತೀಯ ಮಾನಕ ಬ್ಯೂರೊ ತನ್ನ ಕೋಡುಗಳನ್ನು ವೆಬ್‌ಸೈಟಿನಲ್ಲಿ ಉಚಿತವಾಗಿ ಕೊಡುತ್ತದೆ. ನೋಂದಾಯಿಸಿ ಇಳಿಸಿಕೊಳ್ಳಿ, ತಿದ್ದುಪಡಿಗಳನ್ನೂ ಸೇರಿಸಿ. ಮೊದಲಿಗೆ ಐಎಸ್ 456:2000, ಆಮೇಲೆ ಲೋಡುಗಳಿಗೆ ಐಎಸ್ 875, ಮಿಕ್ಸ್ ಡಿಸೈನಿಗೆ ಐಎಸ್ 10262, ಭೂಕಂಪಕ್ಕೆ ಐಎಸ್ 1893 ಮತ್ತು 13920, ಸ್ಟೀಲಿಗೆ ಐಎಸ್ 800, ಅಳತೆಗೆ ಐಎಸ್ 1200. ಮೊದಲಿಂದ ಕೊನೆವರೆಗೆ ಓದಲು ಹೋದರೆ ಹತ್ತನೇ ಪುಟಕ್ಕೆ ನಿದ್ದೆ ಬರುತ್ತದೆ. ಒಂದು ಪ್ರಶ್ನೆ ಹಿಡಿದು ಹೋಗಿ: ಸ್ಲ್ಯಾಬಿನ ಪ್ರಾಪ್ (ಕೆಳಗಿನ ಆಸರೆ ಕಂಬ) ಯಾವಾಗ ಬಿಚ್ಚಬಹುದು? ಐಎಸ್ 456ರ 11.3.1: 4.5 ಮೀಟರ್‌ವರೆಗಿನ ಸ್ಪ್ಯಾನಿಗೆ (ಆಧಾರಗಳ ನಡುವಿನ ಅಂತರಕ್ಕೆ) 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14. ಬೀಮಿಗೆ 6 ಮೀಟರ್‌ವರೆಗೆ 14, ಮೀರಿದರೆ 21. ಇವು ಸಾಮಾನ್ಯ ಸಿಮೆಂಟಿಗೆ, 15 ಡಿಗ್ರಿಗಿಂತ ಕಡಿಮೆಯಾಗದ ಉಷ್ಣಾಂಶಕ್ಕೆ. ಪಿಪಿಸಿ (ಪೊಝೊಲಾನ ಬೆರೆಸಿದ ಸಿಮೆಂಟ್) ಬಳಸಿದ್ದರೆ ಇನ್ನೂ ಕಾಯಬೇಕು.

ಮೇಸ್ತ್ರಿಗಳು ಕಂಬಿಯ ಲ್ಯಾಪಿಗೆ (ಎರಡು ಕಂಬಿ ಜೋಡಿಸುವಾಗ ಒಂದರ ಪಕ್ಕ ಒಂದು ಬರುವ ಉದ್ದಕ್ಕೆ) ವ್ಯಾಸದ 50 ಪಟ್ಟು ಎನ್ನುತ್ತಾರೆ. ಎಫ್‌ಇ 500 ಕಂಬಿ, ಎಂ25 ಕಾಂಕ್ರೀಟಿಗೆ (ಇವು ಬಲದ ದರ್ಜೆಗಳು) ಕೋಡಿನ ಲೆಕ್ಕ ಹಾಕಿದರೆ ಸುಮಾರು 49 ಪಟ್ಟು, ಸರಿಹೋಗುತ್ತದೆ. ಅದೇ ಎಂ20 ಆದರೆ 57 ಪಟ್ಟು ಬೇಕು: 12 ಮಿಮೀ ಕಂಬಿಗೆ 600 ಮಿಮೀ ಸಾಲದು, 680 ಹಾಕಬೇಕು. ಇಂಥ ಒಂದು ಲೆಕ್ಕವನ್ನು ಸೈಟಿನಲ್ಲಿ ನಿಂತು ಹಾಕಿ ತೋರಿಸಿದರೆ ಮೇಸ್ತ್ರಿಯೂ ನಿಮ್ಮ ಮಾತಿಗೆ ಬೆಲೆ ಕೊಡುತ್ತಾರೆ.

ಸ್ಲ್ಯಾಬ್ ಹಾಕುವ ದಿನ

ಓದುತ್ತಿರುವಾಗಲೇ ಒಂದು ಮನೆಯ ಸ್ಲ್ಯಾಬ್ ಕೆಲಸವನ್ನು ಆರಂಭದಿಂದ ಕೊನೆವರೆಗೆ ನಿಂತು ನೋಡಿ. ನಿಮ್ಮ ಬೀದಿಯಲ್ಲೇ ಯಾವುದಾದರೂ ಮನೆ ಏಳುತ್ತಿರುತ್ತದೆ. ಮಾಲೀಕರನ್ನೂ ಎಂಜಿನಿಯರನ್ನೂ ಕೇಳಿ ಒಪ್ಪಿಗೆ ಪಡೆಯಿರಿ, ಹೆಲ್ಮೆಟ್, ಗಟ್ಟಿ ಶೂ ಹಾಕಿಕೊಂಡು ಹೋಗಿ.

9 ಮೀ × 12 ಮೀ, 150 ಮಿಮೀ ದಪ್ಪದ ಸ್ಲ್ಯಾಬ್ ಎಂದಿಟ್ಟುಕೊಳ್ಳಿ: 16.2 ಘನ ಮೀಟರ್. 6 ಘನ ಮೀಟರಿನ ಮೂರು ಟ್ರಾನ್ಸಿಟ್ ಮಿಕ್ಸರ್ (ಕಾಂಕ್ರೀಟ್ ತರುವ ಲಾರಿ). ಕೋಡಿನ 15.2.2 ಪ್ರಕಾರ 16ರಿಂದ 30 ಘನ ಮೀಟರಿಗೆ ಮೂರು ಸ್ಯಾಂಪಲ್, ಒಂದೊಂದರಲ್ಲಿ 150 ಮಿಮೀನ ಮೂರು ಕ್ಯೂಬ್, ಅಂದರೆ 28 ದಿನದ ಪರೀಕ್ಷೆಗೆ 9 ಕ್ಯೂಬ್. 7 ದಿನದ್ದೂ ಬೇಕಾದರೆ ಬೇರೆ ತುಂಬಬೇಕು.

ಕಾಂಕ್ರೀಟ್ ಬರುವ ಮೊದಲು ನೋಡಬೇಕಾದದ್ದು: ಸೆಂಟ್ರಿಂಗ್ ಪ್ರಾಪ್‌ಗಳ ಕೆಳಗೆ ಹಲಗೆ ಇದೆಯೇ, ಬರಿ ಮಣ್ಣಿನ ಮೇಲೆ ನಿಂತಿವೆಯೇ? ಶೀಟುಗಳ ಸಂದಿ ಮುಚ್ಚಿದೆಯೇ? ಸಂದಿಯಲ್ಲಿ ಸಿಮೆಂಟ್ ಹಾಲು ಸೋರಿಹೋದರೆ ಅಲ್ಲಿ ಜೆಲ್ಲಿ ಮಾತ್ರ ಉಳಿದು ಹನಿಕೋಂಬ್ (ಜೇನುಗೂಡಿನಂಥ ತೂತು) ಆಗುತ್ತದೆ. ಕಂಬಿಗೂ ಅಚ್ಚಿಗೂ ನಡುವೆ ಅಂತರ ಇಡುವ ಕವರ್ ಬ್ಲಾಕ್ ಸ್ಲ್ಯಾಬಿಗೆ 20, ಕಾಲಮ್ಮಿಗೆ 40, ಫುಟಿಂಗಿಗೆ 50 ಮಿಮೀ. ಜೆಲ್ಲಿ ಚೂರು ಸಿಕ್ಕಿಸಿದ್ದರೆ ತೆಗೆಸಿ. ಕಂಬಿಯ ಅಂತರ 150 ಎಂದು ಡ್ರಾಯಿಂಗ್ ಹೇಳಿದ್ದರೆ ಟೇಪ್ ಹಿಡಿದು ಎಣಿಸಿ: 9 ಮೀಟರಿಗೆ 60 ಅಂತರ, 61 ಕಂಬಿ.

ಎಲ್ಲಕ್ಕಿಂತ ಮುಖ್ಯ ಬಾಲ್ಕನಿ ಮತ್ತು ಸಜ್ಜೆಯ ಕಂಬಿ. ಇಲ್ಲಿ ಎಳೆತ ಮೇಲ್ಭಾಗದಲ್ಲಿ, ಹಾಗಾಗಿ ಮುಖ್ಯ ಕಂಬಿಯೂ ಮೇಲಿರಬೇಕು. 150 ದಪ್ಪ, 20 ಕವರ್, 10 ಮಿಮೀ ಕಂಬಿ: ಎಫೆಕ್ಟಿವ್ ಡೆಪ್ತ್ (ಸ್ಲ್ಯಾಬಿನ ತಳದಿಂದ ಕಂಬಿಯ ಮಧ್ಯದವರೆಗಿನ ಎತ್ತರ) 125. ಕಾಂಕ್ರೀಟ್ ಹೊತ್ತವರು ಅದರ ಮೇಲೆ ನಡೆದು ಕಂಬಿ 25 ಮಿಮೀ ಕುಸಿದರೆ ಉಳಿಯುವುದು 100. ಐದರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಬಲ ಅಲ್ಲಿಗೆ ಹೋಯಿತು, ಹೊರಗಿನಿಂದ ಏನೂ ಕಾಣುವುದಿಲ್ಲ. ಮೇಲಿನ ಕಂಬಿಯನ್ನು ಎತ್ತಿಹಿಡಿಯುವ ಕಂಬಿಯ ಚೇರ್‌ಗಳನ್ನು ಸುಮಾರು ಒಂದು ಮೀಟರಿಗೊಂದು ಇಡಿಸಿ, ಓಡಾಡಲು ಹಲಗೆ ಹಾಸಿಸಿ.

ಕಾಂಕ್ರೀಟ್ ಬಂದಾಗ ಚಲನ್‌ನಲ್ಲಿ ಗ್ರೇಡ್ ಮತ್ತು ಲೋಡ್ ಆದ ಸಮಯ ನೋಡಿ, ಸ್ಲಂಪ್ (ಕಾಂಕ್ರೀಟ್ ಎಷ್ಟು ಮೆದು ಎಂಬ ಅಳತೆ) ತೆಗೆಯಿರಿ. ಪಂಪಿನವರು ಗಟ್ಟಿ ಎಂದು ಡ್ರಮ್ಮಿಗೆ ನೀರು ಬಿಡಲು ಪೈಪ್ ಎತ್ತಿದರೆ ತಡೆಯಿರಿ. ಘನ ಮೀಟರಿಗೆ 350 ಕೆಜಿ ಸಿಮೆಂಟ್, ನೀರು-ಸಿಮೆಂಟ್ ಅನುಪಾತ 0.45 ಇರುವ 6 ಘನ ಮೀಟರ್ ಲೋಡಿಗೆ 120 ಲೀಟರ್ ನೀರು ಸೇರಿದರೆ ಅನುಪಾತ 0.51ಕ್ಕೆ ಏರುತ್ತದೆ, ಬಲ ಇಳಿಯುತ್ತದೆ, ಒಣಗುವಾಗ ಬಿರುಕೂ ಬರುತ್ತದೆ. ಮೆದು ಬೇಕಾದರೆ ಪ್ಲಾಂಟಿನವರೇ ಅಡ್‌ಮಿಕ್ಸ್ಚರ್ (ಮೆದುಗೊಳಿಸುವ ರಾಸಾಯನಿಕ) ಹಾಕಲಿ. ಮುಗಿದ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸಿ: ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಗೆ ಅಥವಾ ಬಿರುಬಿಸಿಲಿದ್ದರೆ 10.

ಮಣ್ಣು

ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ ಕಡೆಯವರು ಎರೆಮಣ್ಣನ್ನು ಲ್ಯಾಬಿನಲ್ಲೇ ಅರಿತುಕೊಳ್ಳಿ. ಒಲೆಯಲ್ಲಿ ಒಣಗಿಸಿ 425 ಮೈಕ್ರಾನ್ ಜರಡಿ ಹಿಡಿದ ಮಣ್ಣು 10 ಗ್ರಾಂನಂತೆ ಎರಡು ಅಳತೆಯ ಸಿಲಿಂಡರಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ 100 ಮಿಲೀವರೆಗೆ ತುಂಬಿ 24 ಗಂಟೆ ಬಿಡಿ. ನೀರಿನಲ್ಲಿ 18 ಮಿಲೀ, ಸೀಮೆಎಣ್ಣೆಯಲ್ಲಿ 10 ಮಿಲೀ ಕೂತರೆ ಫ್ರೀ ಸ್ವೆಲ್ (ಮಣ್ಣು ಉಬ್ಬುವ ಪ್ರಮಾಣ) 80 ಪ್ರತಿಶತ. ಅಂಥ ನೆಲದಲ್ಲಿ ಸಾಮಾನ್ಯ ಆಳದ ಪಾಯ ಹಾಕಿದರೆ ಮಳೆಗಾಲಕ್ಕೆ ಎದ್ದು ಬೇಸಿಗೆಗೆ ಇಳಿದು ಗೋಡೆ ಓರೆಯಾಗಿ ಸೀಳುತ್ತದೆ. ಅಂಡರ್‌ರೀಮ್ಡ್ ಪೈಲ್ (ಬುಡದ ಬಳಿ ಅಗಲವಾಗುವ ಆಳದ ಕಂಬದ ಪಾಯ) ಏಕೆ ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ.

ಸಾಫ್ಟ್‌ವೇರ್

ಆಟೊಕ್ಯಾಡ್ ಮತ್ತು ಎಕ್ಸೆಲ್ ಎಲ್ಲರಿಗೂ ಬೇಕು. ಆಮೇಲೆ ಒಂದೇ ಆರಿಸಿ: ಡಿಸೈನ್ ಕಡೆ ಹೋಗುವವರು ಈಟ್ಯಾಬ್ಸ್, ಪ್ಲಾನಿಂಗ್ ಕಡೆ ಹೋಗುವವರು ಪ್ರೈಮವೆರಾ, ಬಿಮ್ (ಕಟ್ಟಡದ ಮಾಹಿತಿಯೆಲ್ಲ ಇರುವ ಕಂಪ್ಯೂಟರ್ ಮಾದರಿ) ಕಡೆಯವರು ರೆವಿಟ್, ನೀರು-ರಸ್ತೆ ಕಡೆಯವರು ಉಚಿತವಾಗಿ ಸಿಗುವ ನಕ್ಷೆ ತಂತ್ರಾಂಶ ಕ್ಯೂಜಿಐಎಸ್. ಆಟೊಡೆಸ್ಕ್ ತಂತ್ರಾಂಶಗಳು ವಿದ್ಯಾರ್ಥಿಗಳಿಗೆ ಉಚಿತ. ಆರು ಸರ್ಟಿಫಿಕೇಟಿಗೆ ದುಡ್ಡು ಸುರಿಯುವ ಬದಲು, ಎರಡು ಮಹಡಿಯ ಒಂದು ಮನೆಯನ್ನು ಕೈಲೆಕ್ಕದಲ್ಲೂ ತಂತ್ರಾಂಶದಲ್ಲೂ ಡಿಸೈನ್ ಮಾಡಿ, ಕಾಲಮ್ಮಿನ ಲೋಡ್ ಎರಡರಲ್ಲೂ ಹೊಂದುತ್ತದೋ ನೋಡಿ. ಸಂದರ್ಶನದಲ್ಲಿ ಆ ಒಂದು ಫೈಲ್ ಸಾಕು.

ಕೆಲಸದ ದಾರಿಗಳು

ಸೈಟ್ ಎಂಜಿನಿಯರ್ ಕೆಲಸ ಹೆಚ್ಚಿನವರ ಮೊದಲ ಮೆಟ್ಟಿಲು. ಬೆಳಿಗ್ಗೆಯಿಂದ ರಾತ್ರಿವರೆಗೆ ದುಡಿತ, ಭಾನುವಾರವೂ ಖಾತ್ರಿಯಿಲ್ಲ. ಆದರೂ ಡಿಸೈನಿಗೆ ಹೋಗಬೇಕೆಂದಿರುವವರು ಕೂಡ ಎರಡು ವರ್ಷ ಇಲ್ಲಿ ಇರುವುದು ಒಳ್ಳೆಯದು. ಕಟ್ಟಲು ಆಗದ ಡೀಟೇಲ್ ಬರೆಯುವ ಡಿಸೈನರ್‌ಗಳು ಬಹಳ ಇದ್ದಾರೆ.

ಕ್ವಾಂಟಿಟಿ ಮತ್ತು ಬಿಲ್ಲಿಂಗ್ ವಿಭಾಗವನ್ನು ಹುಡುಗರು ಗುಮಾಸ್ತಿಕೆ ಎಂದು ಬಿಡುತ್ತಾರೆ. ದುಡ್ಡು ಎಲ್ಲಿ ಸೋರುತ್ತದೆಂದು ಗೊತ್ತಾಗುವುದು ಇಲ್ಲೇ. ಕಂಬಿಯ ತೂಕ ಮೀಟರಿಗೆ ಎಷ್ಟೆಂದರೆ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ: 12 ಮಿಮೀಗೆ 0.89 ಕೆಜಿ. ಪ್ಲಾಸ್ಟರಿಂಗ್ ಅಳತೆಯಲ್ಲಿ 0.5 ಚದರ ಮೀಟರ್‌ವರೆಗಿನ ಕಿಂಡಿಗೆ ಕಳೆಯುವುದಿಲ್ಲ. ಅದನ್ನು ಮೀರಿ 3 ಚದರ ಮೀಟರ್‌ವರೆಗೆ ಒಂದು ಮುಖಕ್ಕೆ ಮಾತ್ರ ಕಳೆಯಬೇಕು. ಇದು ತಿಳಿಯದೆ ಎರಡೂ ಕಡೆ ಕಳೆದು ಬಿಲ್ ಬರೆದರೆ ನಷ್ಟ ನಿಮ್ಮ ಕಂಪನಿಗೆ.

ಸರ್ಕಾರಿ ಕೆಲಸಕ್ಕೆ ಲೋಕೋಪಯೋಗಿ, ಜಲಸಂಪನ್ಮೂಲ, ಪಂಚಾಯತ್ ರಾಜ್ ಎಂಜಿನಿಯರಿಂಗ್, ನೀರಾವರಿ ನಿಗಮಗಳು, ಬೆಂಗಳೂರು ಜಲಮಂಡಳಿ ಇವೆಲ್ಲ ಸಹಾಯಕ ಎಂಜಿನಿಯರ್ ಮತ್ತು ಕಿರಿಯ ಎಂಜಿನಿಯರ್ ಹುದ್ದೆ ತುಂಬುತ್ತವೆ. ಅಧಿಸೂಚನೆಗಳ ನಡುವೆ ವರ್ಷಗಟ್ಟಲೆ ಅಂತರ ಬೀಳುತ್ತದೆ. ಕೆಲಸ ಬಿಟ್ಟು ಕೋಚಿಂಗ್ ಊರಿನಲ್ಲಿ ರೂಮ್ ಮಾಡಿ ಕಾಯುವುದು ನಮ್ಮ ಹುಡುಗರ ದೊಡ್ಡ ನಷ್ಟ. ಕೆಲಸದಲ್ಲಿದ್ದುಕೊಂಡೇ ಓದಿ, ಅಧಿಸೂಚನೆ ಬಂದ ಮೇಲೆ ರಜೆ ಹಾಕಿ. ಕಡ್ಡಾಯ ಕನ್ನಡ ಪರೀಕ್ಷೆಯನ್ನು ಲಘುವಾಗಿ ಕಾಣಬೇಡಿ. ಪತ್ರಲೇಖನ, ಸಂಕ್ಷೇಪ, ಪ್ರಬಂಧ ಬರೆಯುವ ಅಭ್ಯಾಸ ತಪ್ಪಿದವರು ಅಲ್ಲಿ ತಡವರಿಸುತ್ತಾರೆ.

ಕೇಂದ್ರದಲ್ಲಿ ಯುಪಿಎಸ್‌ಸಿಯ ಎಂಜಿನಿಯರಿಂಗ್ ಸರ್ವಿಸಸ್ ಪರೀಕ್ಷೆ ಒಟ್ಟು 1300 ಅಂಕದ್ದು: ಪೂರ್ವಭಾವಿ 500, ಮುಖ್ಯ 600, ಸಂದರ್ಶನ 200, ಸಾಮಾನ್ಯ ವಯೋಮಿತಿ 21ರಿಂದ 30. ಗೇಟ್ ಪರೀಕ್ಷೆ 3 ಗಂಟೆಯಲ್ಲಿ 65 ಪ್ರಶ್ನೆ, 100 ಅಂಕ. ಮೂರನೇ ವರ್ಷದಲ್ಲೇ ಬರೆಯಬಹುದು, ಸ್ಕೋರಿಗೆ ಮೂರು ವರ್ಷ ಬೆಲೆ. ಐಐಎಸ್‌ಸಿ, ಐಐಟಿ, ಎನ್‌ಐಟಿಗಳ ಎಂಟೆಕ್‌ಗೂ ಕೆಲವು ಸಾರ್ವಜನಿಕ ಉದ್ಯಮಗಳ ನೇಮಕಕ್ಕೂ ಇದೇ ಅಂಕ. ಸ್ಟ್ರಕ್ಚರಲ್ ಡಿಸೈನಿನಲ್ಲಿ ದೂರ ಹೋಗಬೇಕೆಂದರೆ ಎಂಟೆಕ್ ಮಾಡಿ. ಸೈಟ್ ಅಥವಾ ಬಿಲ್ಲಿಂಗಿಗೆ ಅದರ ಅಗತ್ಯವಿಲ್ಲ.

ಹಳೆಯದನ್ನು ಕಾಪಾಡುವ ಕೆಲಸ ಈಗ ಬೆಳೆಯುತ್ತಿದೆ, ಈ ಕಡೆ ಹೆಚ್ಚು ಜನ ನೋಡುತ್ತಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು (ಅಣೆಕಟ್ಟಿನ ಮೇಲ್ಭಾಗದಲ್ಲಿ ನೀರು ಬಿಡುವ ಬಾಗಿಲು) ಚೈನ್ ತುಂಡಾಗಿ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ತಾತ್ಕಾಲಿಕ ತಡೆ) ಇಳಿಸಿ ತಡೆಯಬೇಕಾಯಿತು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮುಂಗಾರಿನ ಮುಂಚೆ ಮತ್ತು ನಂತರ ತಪಾಸಣೆಯನ್ನು ಕಡ್ಡಾಯ ಮಾಡಿದೆ. ಹೈಡ್ರಾಲಜಿ, ಹೈಡ್ರಾಲಿಕ್ಸ್ ಚೆನ್ನಾಗಿ ಬರುವವರಿಗೆ ಇಲ್ಲಿ ಜಾಗವಿದೆ. ಸೇತುವೆ ಮತ್ತು ಹಳೆ ಕಟ್ಟಡಗಳ ಪರೀಕ್ಷೆಗೂ ಇದೇ ಮಾತು.

ಗುತ್ತಿಗೆದಾರರಾಗಬೇಕೆನ್ನುವವರು ಇಲಾಖೆಯಲ್ಲಿ ದರ್ಜೆವಾರು ನೋಂದಣಿ ಮಾಡಿಸಿ, 1999ರ ಪಾರದರ್ಶಕತೆ ಕಾಯ್ದೆಯಡಿ ಟೆಂಡರ್ ಹಾಕಬೇಕು. ಇಲ್ಲಿ ಮುಳುಗುವುದು ಕೆಲಸ ಬಾರದವರಲ್ಲ, ಬಿಲ್ ತಡವಾದಾಗ ಕೂಲಿ ಕೊಡಲು ಕೈಯಲ್ಲಿ ದುಡ್ಡಿಲ್ಲದವರು.

ಸ್ವಂತ ಆಫೀಸ್ ತೆರೆದು ಮನೆಗಳ ಪ್ಲಾನ್ ಮಾಡುವವರು ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಿಕೊಳ್ಳಬೇಕು. ನೋಡದ ಸೈಟಿನ, ಲೆಕ್ಕ ಹಾಕದ ಕಟ್ಟಡದ ಡ್ರಾಯಿಂಗಿಗೆ ದುಡ್ಡಿಗಾಗಿ ಸಹಿ ಹಾಕಬೇಡಿ. ಎರಡು ಮಹಡಿಗೆ ಡಿಸೈನ್ ಮಾಡಿದ ಕಾಲಮ್ಮಿನ ಮೇಲೆ ನಾಲ್ಕು ಏರಿಸುವ ಮಾಲೀಕರಿದ್ದಾರೆ. ಡಿಸೈನ್ ಎಷ್ಟು ಮಹಡಿಗೆ ಎಂಬುದನ್ನು ಡ್ರಾಯಿಂಗಿನಲ್ಲೇ ದಪ್ಪಕ್ಷರದಲ್ಲಿ ಬರೆದು, ಮಾಲೀಕರ ಸಹಿಯನ್ನೂ ತೆಗೆದಿಟ್ಟುಕೊಳ್ಳಿ.

ಯಾವ ದಾರಿಯಾದರೂ ಮೊದಲ ದಿನದಿಂದ ಒಂದು ದಾಖಲೆ ಇಡಿ: ಯಾವ ಕೆಲಸ, ಎಷ್ಟು ಘನ ಮೀಟರ್, ನಿಮ್ಮ ಜವಾಬ್ದಾರಿ ಏನು, ಯಾವ ತಿಂಗಳಿಂದ ಯಾವ ತಿಂಗಳವರೆಗೆ. ಕಂಪನಿ ಬಿಡುವಾಗ ಹುದ್ದೆ ಮತ್ತು ಕೆಲಸದ ವಿವರವಿರುವ ಅನುಭವ ಪತ್ರ ಪಡೆಯಿರಿ. ಕೊಲ್ಲಿ ರಾಷ್ಟ್ರಗಳ ಕೆಲಸಕ್ಕೂ, ಚಾರ್ಟರ್ಡ್ ಎಂಜಿನಿಯರ್ (ವೃತ್ತಿ ಸಂಸ್ಥೆ ಕೊಡುವ ಮಾನ್ಯತೆ) ಅರ್ಜಿಗೂ ಕೇಳುವುದು ಅದನ್ನೇ, ಐದು ವರ್ಷದ ನಂತರ ಹಳೆ ಕಂಪನಿಯ ಬಾಗಿಲು ತಟ್ಟಿ ಪಡೆಯುವುದು ಕಷ್ಟ.